ಕೊರಳಲ್ಲಿ ಮೂಡದ ಪಟ್ಟೆ

ಮಾರ್ಚ್ 2, ಬೆಳಿಗ್ಗೆ 7
ಇವತ್ತೂ ಗಿಳಿಯ ಕೊರಳು ನೋಡಿದೆ. ಪಟ್ಟೆ ಇಲ್ಲ. ಗಂಡಾದರೆ ಮೂರನೇ ವರ್ಷಕ್ಕೆ ಕಪ್ಪು-ಗುಲಾಬಿ ಪಟ್ಟೆ ಮೂಡುತ್ತದಂತೆ. "ಗಂಡೇ ಸಾರ್, ತಲೆ ನೋಡಿ, ಎಷ್ಟು ದಪ್ಪ!" ಎಂದಿದ್ದ ಹಕ್ಕಿ ಅಂಗಡಿಯವನು. ಟೋಪಿ ಹಾಕಿದನೇನೋ. ಮೂರು ತುಂಬಿ ನಾಲ್ಕು ತಿಂಗಳಾಯಿತು... "ಬಾರೋ ರಾಯ" ಅಂದೆ. ಭುಜಕ್ಕೆ ಬಂದ. ಟೀ ಕುಡಿದು ಹೊರಟೆ.

ಮಾರ್ಚ್ 5
ಕನ್ನಡಕದ ಅಂಗಡಿಯಲ್ಲಿ ಹನ್ನೊಂದು ಜನರ ಕಣ್ಣು ಪರೀಕ್ಷೆ. "ಯಾವುದು ಸ್ಪಷ್ಟ — ಇದೋ, ಇದೋ?" ಇಷ್ಟು ಬಿಟ್ಟರೆ ಇಡೀ ದಿನ ಬೇರೆ ಮಾತಿಲ್ಲ. ಸಂಜೆ ಅಕ್ಕನ ಫೋನು.
"ಪಟ್ಟೆ ಬರ್ಲಿಲ್ಲ ಅಂದ್ರೆ ಹೆಣ್ಣು ಕಣೋ. ಇನ್ಮೇಲೆ ಬಾರೇ ಅಂತ ಕರಿ."
ಪಂಜರದ ಕಡೆ ತಿರುಗಿದೆ. ಅವಳಿಗೂ ಹೊಳೆದಿರಬೇಕು, ಮಾತು ಬದಲಿಸಿದಳು. ಬಾರೇ ಎಂದು ನಾನು ಕರೆದದ್ದು ಹೆಂಡತಿಯೊಬ್ಬಳನ್ನೇ. ತೀರಿಕೊಂಡು ನಾಲ್ಕು ವರ್ಷ. ಗಂಡು ಗಿಳಿಯೇ ಬೇಕೆಂದು ಹಟ ಹಿಡಿದು ತಂದದ್ದೂ ಅದಕ್ಕೇ. ಆ ಮಾತು ಈ ಮನೆಯಲ್ಲಿ ಇನ್ನು ಯಾರಿಗೂ ಬೇಡ.

ಮಾರ್ಚ್ 19
ರಾಯ ಎರಡು ದಿನದಿಂದ ಕಾಳು ಮುಟ್ಟಿಲ್ಲ. ಪಂಜರದ ತಳದಲ್ಲಿ ಗರಿ ಉಬ್ಬಿಸಿಕೊಂಡು ಕೂತಿದ್ದಾನೆ. "ಏನಾಯ್ತೋ?" ಅಂದರೆ ಕಣ್ಣು ಮುಚ್ಚುತ್ತಾನೆ. ಭಯವಾಗುತ್ತಿದೆ.

ಮಾರ್ಚ್ 20, ಮಧ್ಯಾಹ್ನ 12
ಅಂಗಡಿ ತೆರೆಯಲಿಲ್ಲ. ಪಶು ಆಸ್ಪತ್ರೆಯ ಡಾಕ್ಟರಮ್ಮ ಗಿಳಿಯ ಹೊಟ್ಟೆ ಸವರಿ, ಎಕ್ಸ್‌ರೇ ತೆಗೆದು ನನ್ನತ್ತ ತಿರುಗಿಸಿದರು.
"ಮೊಟ್ಟೆ ಒಳಗೇ ಸಿಕ್ಕಿಹಾಕ್ಕೊಂಡಿದೆ. ಜೋಡಿ ಇಲ್ದಿದ್ರೂ ಇಡ್ತವೆ ಇವು. ಹೆಣ್ಣು ಹಕ್ಕಿಗೆ ಕ್ಯಾಲ್ಸಿಯಂ ಕೊಡ್ತಿರ್ಲಿಲ್ವಾ?"
"ಗಂಡು ಅಂದ್ಕೊಂಡಿದ್ದೆ, ಮೇಡಂ."
"ಪಟ್ಟೆ ಇಲ್ವಲ್ರೀ! ಕನ್ನಡಕದ ಅಂಗಡಿ ನಿಮ್ದೇ ಅಲ್ವಾ?"
ಇಂಜೆಕ್ಷನ್ ಕೊಟ್ಟರು. ಬೆಚ್ಚಗಿಡಿ, ಸಂಜೆಯೊಳಗೆ ಮೊಟ್ಟೆ ಬಾರದಿದ್ದರೆ ಉಳಿಯುವುದು ಕಷ್ಟ ಅಂದರು. ತಲೆ ತಗ್ಗಿಸಿ ಬಂದೆ. ದಿನಾ ಕೊರಳು ನೋಡುತ್ತಿದ್ದೆ, ಒಪ್ಪಿಕೊಳ್ಳಲಿಲ್ಲ ಅಷ್ಟೇ. ನನ್ನ ಹಟಕ್ಕೆ ಬಡಜೀವ ಸಾಯುತ್ತಿದೆ.

3 ಗಂಟೆ
ಬಲ್ಬಿನ ಕೆಳಗೆ ಇಟ್ಟಿದ್ದೇನೆ. ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿದೆ. ರಾಯ ಎನ್ನಲು ಬಾಯಿ ಬರಲಿಲ್ಲ. ಏನೆಂದು ಕರೆಯಲಿ?

4.40
ಪಕ್ಕಕ್ಕೆ ಒರಗಿಬಿಟ್ಟಿತು. ಎಡ ಅಂಗೈಗೆ ಎತ್ತಿಕೊಂಡೆ. ಒಂದು ಹಿಡಿ ಹತ್ತಿಯಷ್ಟೂ ಭಾರವಿಲ್ಲ. ಮುಖದ ಹತ್ತಿರ ತಂದೆ. ಅಂದೆ — "ಬಾರೇ... ನೀನೂ ಹೋಗ್ಬೇಡ ಕಣೇ."
ಹಾಗೆಂದು ಅತ್ತುಬಿಟ್ಟೆ. ಸ್ಮಶಾನದಲ್ಲೂ ಇಷ್ಟು ಅತ್ತಿರಲಿಲ್ಲ.

5.15
ಅಂಗೈ ಒದ್ದೆ. ಬಿಸಿ. ಮೊಟ್ಟೆ! ಚಿಪ್ಪು ಇನ್ನೂ ಮೆತ್ತಗಿದೆ. ಪುಸ್ತಕ ಒತ್ತಿಹಿಡಿಯಲು ಎಡಗೈ ಬಿಡುವಿಲ್ಲ, ಅಕ್ಷರ ಸೊಟ್ಟ. ಕಣ್ಣು ಬಿಟ್ಟಿತು... ಬಿಟ್ಟಳು. ಬೆರಳು ಕಚ್ಚುತ್ತಿದ್ದಾಳೆ. ಇರೇ, ನೀರು —