ಅಪ್ಪ ಕಿತ್ತಿಟ್ಟ ಫೋನ್

ಮಾಗಡಿ

ಪ್ರೀತಿಯ ಅಪ್ಪನಿಗೆ ಭಾನುಪ್ರಿಯಳ ನಮಸ್ಕಾರ.

ಎಷ್ಟು ಸಲ ಮಾಡಿದರೂ ಚನ್ನಪಟ್ಟಣದ ನಮ್ಮ ಮನೆಗೆ ಫೋನ್ ಹತ್ತುತ್ತಿಲ್ಲ, ಅದಕ್ಕೇ ಈ ಕಾಗದ. ನೀನು ವೈರನ್ನೇ ಕಿತ್ತಿಟ್ಟಿದ್ದೀಯೆಂದು ಪಕ್ಕದ ಮನೆಯ ಅಶ್ವಥಣ್ಣ ಹೇಳಿದ. ಮಷೀನಿನಲ್ಲಿ ಗೊಂಬೆ ಕಡೆಯುತ್ತಿದ್ದವನು ಫೋನ್ ಬಡಿದುಕೊಂಡ ಕೂಡಲೇ ಅವ್ವನಿಗೆ "ನನ್ ಮಗ್ಳು ಕಣೇ" ಎಂದು ಎದ್ದೆಯಂತೆ, ಉಳಿ ಜಾರಿ ಹೆಬ್ಬೆರಳು ಕೊಯ್ದಿತಂತೆ. ಎತ್ತಿದರೆ, ಸಾಲ ಬೇಕೇ ಎಂದು ಕೇಳುವ ರೆಕಾರ್ಡ್ ಮಾಡಿದ ದನಿ. ಅದಕ್ಕೂ ನೀನು, "ಬ್ಯಾಡ ಕಣವ್ವಾ, ಮಗ್ಳು ಫೋನ್ ಮಾಡೋ ಹೊತ್ತು, ಒಸಿ ಇಡವ್ವಾ" ಎಂದೆಯಂತೆ. ಕೇಳಿ ನಗು ಬಂತು, ಆಮೇಲೆ ಅಳುವೂ ಬಂತು.

ಇಂಥ ಕರೆ ಬೇಡವೆಂದು ನಂಬರ್ ಬರೆಸಿದವರಿಗೆ ಮತ್ತೆ ಮಾಡಿದರೆ ಈಗ ದಂಡ ಹಾಕುತ್ತಾರಪ್ಪ, ಹಾಗೆಂದು ಕಾನೂನು ಬಂದಿದೆ. ನಮ್ಮ ನಂಬರ್ ಬರೆಸಿದ್ದೇನೆ. ವೈರು ಸಿಕ್ಕಿಸು.

ಭಾನುವಾರ ಮಧ್ಯಾಹ್ನ ಮಾಡುತ್ತೇನೆ. ಮೊದಲು ಮಷೀನು ನಿಲ್ಲಿಸಿ ನಿಧಾನವಾಗಿ ಬಾ. ನೀನು ಎತ್ತುವವರೆಗೂ ನಾನು ಇಡುವುದಿಲ್ಲ.

ಬೆರಳು ವಾಸಿಯಾದ ಮೇಲೆ ಕೂಸಿನ ಕೈಗೆ ಹಿಡಿಯುವಂಥ ಒಂದು ಪುಟ್ಟ ಗಿಲಕಿ ಕಡೆದಿಡು, ಬಣ್ಣ ನಿನ್ನಿಷ್ಟ. ಅಂಗಡಿಗಲ್ಲ, ಇಲ್ಲಿ ಮಾಗಡಿಯ ನಮ್ಮ ಮನೆಗೆ. ಅವ್ವನಿಗೆ ಈಗಲೇ ಹೇಳಬೇಡ, ಫೋನಿನಲ್ಲಿ ನಾನೇ ಹೇಳುತ್ತೇನೆ.

ನಿನ್ನ ಮಗಳು
ಭಾನು