ಮಜ್ಜೆಯ ಮಾಸ್ತರ

ಶನಿವಾರ, ಜೂನ್ ೧೪, ಜಮಖಂಡಿ

ಆರೋಪಿ ವಾಸುದೇವ, ಜೀವಶಾಸ್ತ್ರದ ಪ್ರಾಧ್ಯಾಪಕ, ದೇವರಾಣೆ ಒಪ್ಪಿಕೊಳ್ಳುವುದೇನೆಂದರೆ: ಇಂದು ರಕ್ತದಾನ ಶಿಬಿರದ ವೇದಿಕೆಯಿಂದ ಒಂದು ಮುಷ್ಟಿ ಗೋಡಂಬಿ ಕದ್ದಿದ್ದೇನೆ. ಎಲ್ಲರದು ರಕ್ತದಾನ, ನನ್ನದು ಶಬ್ದದಾನ, ಕೂಲಿ ಬೇಡವೇ?

ಗೋಡಂಬಿಯ ಪಾಪ ಜೀರ್ಣವಾಯಿತು. ಇನ್ನೊಂದು ಆಗುತ್ತಿಲ್ಲ.

ಭಾಷಣದಲ್ಲಿ ಹೇಳಿದೆ: “ಎಲುಬಿನ ಮಜ್ಜಿ ಅಂದ್ರ ಬಿಳಿ ರಕ್ತಕಣದ ಸಾಲಿ. ಸಂಕೇತ ಕೊಡೂ ಪ್ರೋಟೀನು ಅಲ್ಲಿ ಮಾಸ್ತರ. ‘ಲೇ, ಒಂದಕ್ಕ ಹತ್ತಾಗೂದು ಸಾಕು, ದೊಡ್ಡವರಾಗಿ ರೋಗದ ಜೋಡಿ ಹೊಡದಾಡ್ರಿ’ ಅಂತ ಗದರಸ್ತಾನ. ಮಾಸ್ತರ ಸುಮ್ಮಾದ್ರ ಹುಡುಗ್ರು ಕಲಿಯಂಗಿಲ್ಲ, ಬರೇ ಗದ್ದಲಾ. ಅದ ರಕ್ತದ ಕ್ಯಾನ್ಸರ್!” ಸಭೆ ಹೊಟ್ಟೆ ಹಿಡಿದು ನಕ್ಕಿತು. ನಗಿಸುವುದು ಜನಕ್ಕೆ ತಿಳಿಯಲೆಂದೇ, ಚಪ್ಪಾಳೆಗಲ್ಲ ಎಂದು ನಾನು ಸದಾ ಕೊಚ್ಚಿಕೊಳ್ಳುತ್ತೇನೆ.

ಇಳಿಯುವಾಗ ಸಾವಳಗಿಯ ಲಗಮವ್ವ ಅಡ್ಡ ಬಂದಳು. ಅವಳ ಮಗ ಹಾಲೇಶನಿಗೆ ಅದೇ ಕಾಯಿಲೆ. ಬೆಳಗಾವಿಯಲ್ಲಿ ಚಿಕಿತ್ಸೆ ನಡೆದಿದೆ.

“ಸರ್ರ, ಒಬ್ಬನ ಒಬ್ಬ ಮಗಾ ಅಂತ ನಾ ಅವಗ ಒಂದಿನಾನೂ ಗದರಿಸಿಲ್ರಿ. ಅದಕ್ಕ ಅವನ ರಕ್ತ ಕೆಟ್ಟೈತೇನ್ರಿ?”

ಉತ್ತರ ನಾಲಿಗೆಯ ಮೇಲೇ ಇತ್ತು. ಕೆಟ್ಟಿದ್ದು ಕಣದೊಳಗಿನ ಸಂಕೇತ; ತಾಯಿಯ ಮುದ್ದಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಷ್ಟೇ ಹೇಳಬೇಕಿತ್ತು. ಆಗಲೇ ಪಕ್ಕದಲ್ಲಿ ಯಾರೋ, “ಭಾಳ ಛಲೋ ಮಾತಾಡಿದ್ರಿ ಸರ್ರ” ಎಂದರು. ಆ ಕಡೆ ತಿರುಗಿದೆ. ಮತ್ತೆ ಈ ಕಡೆ ನೋಡುವಷ್ಟರಲ್ಲಿ ಲಗಮವ್ವ ಬಸ್ಸಿಗೆ ಹೋಗಿಬಿಟ್ಟಿದ್ದಳು, ತನ್ನದಲ್ಲದ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡೇ.

ಗದ್ದಲದಲ್ಲಿ ಉತ್ತರಿಸಲಾಗಲಿಲ್ಲ ಎಂದು ಹೆಂಡತಿ ಅಲಕಾಳಿಗೆ ಹೇಳಿದೆ. ಸುಳ್ಳು. ಗದ್ದಲವಿರಲಿಲ್ಲ. ಹೊಗಳಿದವರ ಮಾತು ಸ್ಪಷ್ಟವಾಗಿಯೇ ಕೇಳಿಸಿತ್ತು. ಇನ್ನೊಮ್ಮೆ ಹೇಳಲೆಂದು ನಾನೇ ಕಿವಿಗೆ ಕೈ ಹಚ್ಚಿ, “ಏನಂದ್ರಿ?” ಎಂದೆ.