ಕಾಣದ ಪಂಖ

ಭಾನುವಾರ, ಡಿಸೆಂಬರ್ ೭. ಕಲಬುರಗಿ.

ಬೆಳಿಗ್ಗೆ ಕಮಲಾಪುರದ ತೊಗರಿ ಹೊಲದಲ್ಲಿ ಬಿದ್ದ ನನ್ನ ಮಾಡೆಲ್ ವಿಮಾನ ಸಂಜೆಯಾದರೂ ಸಿಗಲಿಲ್ಲ. ಸದ್ದು ಹಿಡಿದು ಹುಡುಕೋಣವೆಂದು ರಿಮೋಟಿನಿಂದ ಅದರ ಮೋಟಾರು ತಿರುಗಿಸಿದೆ. ಕಣ್ಣಿಗೆ ಕಾಣದ ಪಂಖ ತಿರುಗಿಸಬೇಡಿ, ಯಾರದಾದರೂ ಬೆರಳು ಕತ್ತರಿಸೀತು ಎಂದು ಹಾರಿಸಲು ಕಲಿಯುವ ಹೊಸಬರನ್ನು ಬೈಯುವವನೂ ನಾನೇ.

ಗುಂಯ್ ಎಂದಿತು. ಬೆಳೆಯೊಳಗಿಂದಲ್ಲ, ಹೊಲದಂಚಿನ ಮನೆಯ ಮುಚ್ಚಿದ ಬಾಗಿಲ ಹಿಂದಿನಿಂದ. ತಕ್ಷಣ ನಿಲ್ಲಿಸಿ ಓಡಿದೆ.

ಬಾಗಿಲು ತೆರೆದ ಮುದುಕಿ ನಗುತ್ತಿದ್ದಳು. "ಹೊಲದಾಗ ಸಿಕ್ತು ರೀ. ಕೂಸಿನ ತೊಟ್ಟಿಲ ಮ್ಯಾಲ ಕಟ್ಟೀನಿ. ಈಗ ತಾನಾಗೇ ತಿರುಗ್ತು ನೋಡ್ರಿ, ಕೂಸು ಹಿಡೀಲಿಕ್ಕಿ ಕೈ ಎತ್ತಿತ್ತು!"

ಕೂಸಿನ ಹತ್ತೂ ಬೆರಳು ಎಣಿಸಿದೆ. ಮತ್ತೆ ಎಣಿಸಿದೆ.

ಮನೆಗೆ ತಂದ ವಿಮಾನದ ಬ್ಯಾಟರಿ ತೆಗೆದು ಬೇರೆ ಕೋಣೆಯಲ್ಲಿಟ್ಟಿದ್ದೇನೆ. ಆದರೂ ಕಿವಿಯಲ್ಲಿ ಗುಂಯ್ ಎನ್ನುವುದು ನಿಂತಿಲ್ಲ. ದೀಪ ಆರಿಸಬೇಕು. ಸ್ವಿಚ್ಚಿನತ್ತ ಕೈ ಮೇಲಕ್ಕೆ ಏಳುತ್ತಿಲ್ಲ.